ಛತ್ರಿಗೂ ಬೆಲ್ಲಕ್ಕೂ ಏನು ಸಂಬಂಧ?

ಪ್ರಶ್ನೆ: ನನಗೆ 33 ವರ್ಷ, ಊರು ಗದಗ. ಅಪ್ಪ ಅಚ್ಚುಮೊಳೆ ಜೋಡಿಸುವ ಕಾಲದಲ್ಲಿ ಶುರು ಮಾಡಿದ ಸಣ್ಣ ಪ್ರಿಂಟಿಂಗ್ ಪ್ರೆಸ್ಸನ್ನು ಈಗ ನಾನು ನೋಡಿಕೊಳ್ಳುತ್ತಿದ್ದೇನೆ. ಅಪ್ಪನಿಗೆ ಕಣ್ಣು ಮಂಜಾಗಿ ಪ್ರೂಫ್ ನೋಡಲು ಆಗದಂತಾದ ಮೇಲೆ ಡಿಟಿಪಿ, ಲೆಕ್ಕಪತ್ರ, ಗಿರಾಕಿ ಎಲ್ಲವೂ ನನ್ನ ಪಾಲಿಗೆ ಬಂತು. ಹಳೆಯದೊಂದು ಆಫ್‌ಸೆಟ್ ಮಷಿನ್, ಒಂದು ಕಟಿಂಗ್ ಮಷಿನ್, ಇಬ್ಬರು ಕೆಲಸದವರು. ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರೆಯ ಹ್ಯಾಂಡ್‌ಬಿಲ್, ಇಷ್ಟೇ ನಮ್ಮ ಕೆಲಸ. ಮೊದಲು ಒಂದು ಮದುವೆಗೆ 500, 1000 ಪತ್ರಿಕೆ ಹೊಡೆಸುತ್ತಿದ್ದವರು ಈಗ 100 ಸಾಕು ಅನ್ನುತ್ತಾರೆ. ಉಳಿದವರಿಗೆ ವಾಟ್ಸ್‌ಆ್ಯಪ್.

ಎಲ್ಲರೂ ಹೇಳುವುದು ಒಂದೇ: ಹೊಸದೇನಾದರೂ ಮಾಡು. ಹೋದ ತಿಂಗಳು ಸಣ್ಣ ಉದ್ದಿಮೆದಾರರಿಗೆಂದು ನಡೆದ ಒಂದು ದಿನದ ತರಬೇತಿಗೆ ಹೋಗಿದ್ದೆ. ಡಬ್ಬಿಯಿಂದ ಎರಡೆರಡು ಚೀಟಿ ಎತ್ತಿಸಿದರು. ಚೀಟಿಯಲ್ಲಿದ್ದ ಎರಡು ವಸ್ತುಗಳನ್ನು ಸೇರಿಸಿ ಹತ್ತು ನಿಮಿಷದಲ್ಲಿ ಹೊಸ ಐಡಿಯಾ ಹೇಳಬೇಕು. ಸಂಬಂಧವಿಲ್ಲದ್ದನ್ನು ಜೋಡಿಸುವುದೇ ಸೃಜನಶೀಲತೆ ಅಂದರು. ನನಗೆ ಬಂದದ್ದು ಛತ್ರಿ ಮತ್ತು ಬೆಲ್ಲ. ಪಕ್ಕದಲ್ಲಿದ್ದ ಹುಡುಗ ಗಡಿಯಾರ ಮತ್ತು ಚಪ್ಪಲಿ ಇಟ್ಟುಕೊಂಡು ಪಟಪಟ ಮೂರು ಐಡಿಯಾ ಹೇಳಿ ಚಪ್ಪಾಳೆ ಗಿಟ್ಟಿಸಿದ. ನಾನು ಖಾಲಿ ಹಾಳೆ ಹಿಡಿದು ನಿಂತೆ. ಮನೆಗೆ ಬಂದು ಹೇಳಿದರೆ ಕಾಕಾ, "ನಿನ್ನ ತಲ್ಯಾಗ ಹೊಸಾದು ಏನೂ ಹುಟ್ಟಂಗಿಲ್ಲ ಬಿಡವಾ, ಪ್ರೆಸ್ ಮಾರಿ ಆರಾಮಿರು" ಅಂದರು. ಅವರ ಮಗ ಬೆಂಗಳೂರಿನಲ್ಲಿ ಜಾಹೀರಾತು ಕಂಪನಿಯಲ್ಲಿದ್ದಾನೆ, ಮಾತಿಗೊಂದು ಐಡಿಯಾ ಅವನದು.

ನಾನು ಓದಿದ್ದು ಬಿ.ಕಾಂ. ಪ್ರೆಸ್ ಕೆಲಸ ಬಿಟ್ಟರೆ ಗೊತ್ತಿರುವುದು ಬೆಟಗೇರಿಯ ಅಜ್ಜಿ ಮನೆಯಲ್ಲಿ ಸೂಟಿಗೆ ಹೋದಾಗ ಮಗ್ಗದ ಹತ್ತಿರ ಕೂತು ಕಂಡಿಕೆ ಸುತ್ತುತ್ತಿದ್ದದ್ದು, ಅದೇನು ವಿದ್ಯೆಯಲ್ಲ. ಈಗೀಗ ರಾತ್ರಿ ನಿದ್ದೆಯೂ ಸರಿಯಾಗಿ ಬರುತ್ತಿಲ್ಲ. ಹೊಸದನ್ನು ಯೋಚಿಸುವ ಶಕ್ತಿ ಹುಟ್ಟಿನಿಂದಲೇ ಬರಬೇಕೇ? ಈ ವಯಸ್ಸಿನಲ್ಲಿ ಕಲಿಯಬಹುದೇ? ದಯವಿಟ್ಟು ಹೆಸರು ಹಾಕಬೇಡಿ.

ಉತ್ತರ: ತಂಗೀ, ಆ ಹತ್ತು ನಿಮಿಷವನ್ನು ನಿಮ್ಮ ಬುದ್ಧಿಯ ಪರೀಕ್ಷೆ ಎಂದು ತಿಳಿಯಬೇಡಿ. ಛತ್ರಿ, ಬೆಲ್ಲ ಎರಡನ್ನೂ ಸೇರಿಸಿ ಹೇಳಿ ಎಂದು ನನ್ನನ್ನು ನಿಲ್ಲಿಸಿದ್ದರೆ ನಾನೂ ಬೆಲ್ಲದ ಗಾಡಿಗೊಂದು ಛತ್ರಿ ಎಂದು ಏನೋ ಒಂದು ಹೇಳಿ ಕೂತುಬಿಡುತ್ತಿದ್ದೆ. ಅದರಿಂದ ಯಾರ ತಲೆಯ ಮೇಲಿನ ಮಳೆಯೂ ತಪ್ಪುತ್ತಿರಲಿಲ್ಲ, ಯಾರ ಬಾಯಿಯೂ ಸಿಹಿಯಾಗುತ್ತಿರಲಿಲ್ಲ. ನಿಮಗೆ ಎರಡು ವಸ್ತು ಕೊಟ್ಟರು. ಯಾರಿಗೆ ಏನು ಬೇಕಾಗಿದೆ ಎಂಬುದನ್ನು ಮಾತ್ರ ಕೊಡಲಿಲ್ಲ. ಬೇಕು ಎಂಬುದೇ ಇಲ್ಲದ ಕಡೆ ಏನೂ ಹೊಳೆಯದೆ ಇದ್ದದ್ದು ನಿಮ್ಮ ಪ್ರಾಮಾಣಿಕತೆ. ಗಡಿಯಾರ-ಚಪ್ಪಲಿಯ ಹುಡುಗ ಚುರುಕಾಗಿದ್ದಾನೆ, ಒಪ್ಪೋಣ. ಆದರೆ ಆ ಮೂರು ಐಡಿಯಾಗಳಲ್ಲಿ ಒಂದಾದರೂ ಮರುದಿನ ಬೆಳಿಗ್ಗೆ ಅವನಿಗೇ ನೆನಪಿತ್ತೋ ಇಲ್ಲವೋ!

ಹಾಗೆಂದು ತರಬೇತಿಯವರು ಹೇಳಿದ್ದು ಸುಳ್ಳಲ್ಲ. ಆರ್ಥರ್ ಕೋಸ್ಲರ್ ಎಂಬ ಲೇಖಕ 1964ರಲ್ಲಿ 'ದಿ ಆ್ಯಕ್ಟ್ ಆಫ್ ಕ್ರಿಯೇಷನ್' ಎಂಬ ದಪ್ಪ ಪುಸ್ತಕ ಬರೆದು, ನಗೆಹನಿ, ವಿಜ್ಞಾನದ ಶೋಧ, ಕಲೆ ಮೂರೂ ಹುಟ್ಟುವುದು ಒಂದಕ್ಕೊಂದು ಸಂಬಂಧವಿಲ್ಲದ ಎರಡು ಲೋಕಗಳು ಎದುರಾದಾಗ ಎಂದು ವಾದಿಸಿದ. ಅವನ ವಾದದಲ್ಲಿ ಹುರುಳಿದೆ. ಆದರೆ ಆ ಎದುರಾಗುವಿಕೆಗೂ ಮುಂಚೆ ಏನಿರಬೇಕು ಎಂಬುದನ್ನು ಒಂದು ದಿನದ ತರಬೇತಿಯಲ್ಲಿ ಯಾರೂ ಹೇಳುವುದಿಲ್ಲ. ಹೇಳಿದರೆ ತರಬೇತಿ ಒಂದು ದಿನಕ್ಕೆ ಮುಗಿಯುವುದೂ ಇಲ್ಲ.

ನಿಮ್ಮ ಕಸುಬಿನ ಮೂಲಪುರುಷನನ್ನೇ ತೆಗೆದುಕೊಳ್ಳಿ. ಗುಟೆನ್‌ಬರ್ಗ್ ಎಂದರೆ ಮುದ್ರಣ ಕಂಡುಹಿಡಿದವನು ಎಂದು ನಾವೆಲ್ಲ ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಅವನ ಪ್ರೆಸ್ಸಿನೊಳಗೆ ಹೋಗಿ ಒಂದೊಂದು ಸಾಮಾನನ್ನೂ ಎತ್ತಿ ನೋಡಿದರೆ ಬಹುಪಾಲು ಬೇರೆಯವರದ್ದೇ. ಕಾಗದ ಚೀನಾದಲ್ಲಿ ಹುಟ್ಟಿ ಅರಬರ ಮೂಲಕ ಯುರೋಪಿಗೆ ಬಂದದ್ದು. ಲೋಹದ ಅಚ್ಚುಮೊಳೆ ಕೊರಿಯಾದಲ್ಲಿ ಆಗಲೇ ಇತ್ತು. ಹಾಗೆ ಅಚ್ಚಾದ ಬೌದ್ಧ ಗ್ರಂಥವೊಂದು 1377ರದ್ದು. ಒತ್ತುವ ತಿರುಪು ಯಂತ್ರ ದ್ರಾಕ್ಷಿ ಹಿಂಡುವವರ ಮನೆಯಲ್ಲಿತ್ತು, ಕಾಗದ ಮಾಡುವವರಲ್ಲೂ ಇತ್ತು. ಅವನ ಊರು ಮೈಂಜ್ ಇರುವುದೇ ರೈನ್ ನದಿಯ ದಂಡೆಯಲ್ಲಿ, ಸುತ್ತ ದ್ರಾಕ್ಷಿ ತೋಟ. ಎಣ್ಣೆಯಲ್ಲಿ ಬಣ್ಣ ಕಲಸುವುದು ಚಿತ್ರಕಾರರಿಗೆ ಗೊತ್ತಿತ್ತು. ನೀರಿನ ಶಾಯಿ ಲೋಹದ ಮೇಲೆ ನಿಲ್ಲುವುದಿಲ್ಲ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ.

ಹಾಗಾದರೆ ಅವನದೇ ಸ್ವಂತದ್ದು ಯಾವುದು? ಲೋಹ. ಅವನಿಗೆ ಅಕ್ಕಸಾಲಿಗರ ಕೆಲಸ ಗೊತ್ತಿತ್ತು. ಮೊದಲು ಸ್ಟ್ರಾಸ್‌ಬರ್ಗ್‌ನಲ್ಲಿದ್ದಾಗ ಪಾಲುದಾರರನ್ನು ಕೂಡಿಸಿಕೊಂಡು, ಆಖೆನ್ ಎಂಬ ಊರಿನ ಜಾತ್ರೆಗೆ ಬರುವ ಯಾತ್ರಿಕರಿಗಾಗಿ ಲೋಹದ ಚೌಕಟ್ಟಿನ ಪುಟ್ಟ ಕನ್ನಡಿಗಳನ್ನು ರಾಶಿಗಟ್ಟಲೆ ಮಾಡಲು ಹೊರಟಿದ್ದ. ಪ್ಲೇಗ್ ಬಂದು ಯಾತ್ರೆ ಒಂದು ವರ್ಷ ಮುಂದೆ ಹೋಯಿತು, ಹಾಕಿದ ದುಡ್ಡು ಸಿಕ್ಕಿಕೊಂಡಿತು. ಆದರೆ ಒಂದೇ ಅಳತೆಯ ವಸ್ತುವನ್ನು ಸಾವಿರಗಟ್ಟಲೆ ಎರಕ ಹೊಯ್ಯುವುದು ಹೇಗೆ ಎಂಬ ಯೋಚನೆ ಅವನ ಕೈಯಲ್ಲಿ ಪಳಗಿತ್ತು. ಆಮೇಲೆ ಸೀಸ, ತವರ, ಆಂಟಿಮನಿ ಬೆರೆಸಿ, ಕೈಯಲ್ಲಿ ಹಿಡಿಯುವ ಎರಕದಚ್ಚಿನಲ್ಲಿ ಒಂದೊಂದೇ ಅಕ್ಷರ ಹೊಯ್ಯುವ ವಿಧಾನ ಕುದುರಿತು. ದ್ರಾಕ್ಷಿ ಹಿಂಡುವ ಯಂತ್ರವನ್ನು ಆ ಸೀಮೆಯಲ್ಲಿ ಎಲ್ಲರೂ ನೋಡಿದ್ದರು. ಆದರೆ ಅದರಲ್ಲಿ ಪುಸ್ತಕ ಕಂಡದ್ದು ಲೋಹವನ್ನು ಆಳವಾಗಿ ಬಲ್ಲವನಿಗೆ.

ಇನ್ನೂ ಒಂದು ಮಾತು, ಇದು ನಿಮ್ಮ ಬಿ.ಕಾಂ ಬುದ್ಧಿಗೆ. 1455ರ ಸುಮಾರಿಗೆ ಅವನ ಪ್ರೆಸ್ಸಿನ ಪ್ರಸಿದ್ಧ ಬೈಬಲ್ ಸಿದ್ಧವಾಯಿತು. ಅದೇ ವರ್ಷ ಸಾಲ ಕೊಟ್ಟಿದ್ದ ಯೋಹಾನ್ ಫುಸ್ಟ್ ದಾವೆ ಹೂಡಿ ಗೆದ್ದು ಪ್ರೆಸ್ಸಿನ ಸಾಮಾನುಗಳನ್ನು ತನ್ನ ಕೈಗೆ ತೆಗೆದುಕೊಂಡ. ಐಡಿಯಾ ಗೆದ್ದಿತು, ಪ್ರೆಸ್ಸು ಸಾಲ ಕೊಟ್ಟವನ ಪಾಲಾಯಿತು. ಹೊಸದು ಮಾಡುವ ಹುಮ್ಮಸ್ಸಿನಲ್ಲಿ ಮನೆಪತ್ರ ಅಡವಿಡಲು ಯಾರಾದರೂ ಹೇಳಿದರೆ ಇದು ನೆನಪಿರಲಿ.

ಎರಡು ಲೋಕ ಬೇಕು, ಸರಿ. ಆದರೆ ಅವುಗಳಲ್ಲಿ ಒಂದಾದರೂ ನಿಮ್ಮ ಮೈಗೆ ಹತ್ತಿರಬೇಕು. ಸ್ಯಾಕ್ಸೊಫೋನ್ ವಾದಕ ಕದ್ರಿ ಗೋಪಾಲನಾಥರನ್ನು ನೋಡಿ. ಸ್ಯಾಕ್ಸೊಫೋನ್ ಎಂಬುದೇ ಒಂದು ಬೆರಕೆ ವಾದ್ಯ. ಬೆಲ್ಜಿಯಂನ ಅಡಾಲ್ಫ್ ಸ್ಯಾಕ್ಸ್ ಹಿತ್ತಾಳೆಯ ಮೈಗೆ ಕ್ಲಾರಿನೆಟ್ಟಿನಂಥ ಬಾಯಿ ಕೂರಿಸಿ 1846ರಲ್ಲಿ ಪೇಟೆಂಟ್ ಪಡೆದ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಅದನ್ನು ಎಷ್ಟೋ ಜನ ಕೇಳಿದ್ದರು, ಕೇಳಿ ಮನೆಗೆ ಹೋಗಿದ್ದರು. ಗೋಪಾಲನಾಥರು ಅದನ್ನು ಕರ್ನಾಟಕ ಸಂಗೀತಕ್ಕೆ ತರಬೇಕೆಂದು ಹಟ ಹಿಡಿದರು. ಅವರ ತಂದೆ ನಾಗಸ್ವರ ವಿದ್ವಾಂಸರು. ನಾಗಸ್ವರದಲ್ಲಿ ಬೆರಳನ್ನು ಅರ್ಧ ಸರಿಸಿ, ಉಸಿರು ಬಿಗಿದು ಗಮಕ ಎಳೆಯಬಹುದು. ಸ್ಯಾಕ್ಸೊಫೋನಿನಲ್ಲಿ ಗುಂಡಿ ಒತ್ತಿದರೆ ತೂತು ಪೂರ್ತಿ ಮುಚ್ಚುತ್ತದೆ, ಬಿಟ್ಟರೆ ಪೂರ್ತಿ ತೆರೆಯುತ್ತದೆ. ನಡುವಿನದನ್ನು ಹೊರಡಿಸಲು ಅವರು ವರ್ಷಗಟ್ಟಲೆ ಸಾಧನೆ ಮಾಡಿದರು, ವಾದ್ಯದಲ್ಲೂ ತಮಗೆ ಬೇಕಾದ ಮಾರ್ಪಾಡು ಮಾಡಿಕೊಂಡರು. ನಾಗಸ್ವರ ಕಿವಿಯಲ್ಲಿ ಕೂತಿರದಿದ್ದರೆ ಏನು ಬೇಕು ಎಂಬುದೇ ಅವರಿಗೆ ತಿಳಿಯುತ್ತಿರಲಿಲ್ಲ. 1994ರಲ್ಲಿ ಲಂಡನ್ನಿನ ಬಿಬಿಸಿ ಪ್ರಾಮ್ಸ್ ಕಛೇರಿಯಲ್ಲಿ ನುಡಿಸಿದ್ದು ಆ ಹಟದ ಫಲ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮ್ಮ ಮೈಗೆ ಹತ್ತಿದ್ದು ಯಾವುದು? ಪ್ರೆಸ್ ಕೆಲಸ "ಇಷ್ಟೇ" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಟ್ಟಿದ್ದೀರಿ. ಲಗ್ನಪತ್ರಿಕೆಯ ಬಗ್ಗೆ ನಿಮಗೆ ಗೊತ್ತಿರುವುದು ಬೆಂಗಳೂರಿನಲ್ಲಿರುವ ನಿಮ್ಮ ಕಾಕಾನ ಮಗನಿಗೆ ಗೊತ್ತಿದೆಯೇ? ಮೇಲೆ ಯಾವ ಮನೆದೇವರ 'ಪ್ರಸನ್ನ' ಬರಬೇಕು, ಸುಖಾಗಮನ ಬಯಸುವವರ ಪಟ್ಟಿಯಲ್ಲಿ ಯಾವ ದೊಡ್ಡಪ್ಪನ ಹೆಸರು ಕೆಳಗೆ ಹೋದರೆ ಮದುವೆಗೇ ಬರುವುದಿಲ್ಲ, ತೀರಿಹೋದ ಅಜ್ಜನ ಹೆಸರನ್ನು ಎಲ್ಲಿ ಕೂರಿಸಬೇಕು, ಪ್ರೂಫ್ ನೋಡಲು ಬಂದ ಹುಡುಗಿಯ ಅಪ್ಪ ಮೊದಲು ಬೆರಳಿಡುವುದು ಯಾವ ಸಾಲಿನ ಮೇಲೆ, ಅರಿಶಿನ ಹಚ್ಚಿದರೆ ಯಾವ ಕಾಗದ ಹೀರಿಕೊಂಡು ಕಲೆಯಾಗುತ್ತದೆ, ಇವೆಲ್ಲ ನಿಮ್ಮ ಬಂಡವಾಳ. ಇದನ್ನು ಜ್ಞಾನ ಎಂದು ನೀವು ಲೆಕ್ಕಕ್ಕೇ ಹಿಡಿದಿಲ್ಲ. ಮಗ್ಗದ ಹತ್ತಿರ ಕಂಡಿಕೆ ಸುತ್ತಿದ್ದನ್ನೂ ಹಿಡಿದಿಲ್ಲ. ಮುದ್ರಣ ಕಾಶಿ ಎನಿಸಿಕೊಂಡ ಗದಗದಲ್ಲಿ ಪ್ರೆಸ್ಸು, ನೇಕಾರರ ಬೆಟಗೇರಿಯಲ್ಲಿ ಅಜ್ಜಿ ಮನೆ. ಎರಡೆರಡು ಲೋಕ ಇಟ್ಟುಕೊಂಡು ಡಬ್ಬಿಯಿಂದ ಛತ್ರಿ ಎತ್ತಲು ಹೋಗಿದ್ದೀರಲ್ಲ!

ಇನ್ನು ಜೋಡಿಸುವುದು ಹೇಗೆ ಎಂಬ ಪ್ರಶ್ನೆ. ಇದಕ್ಕೆ ನಮ್ಮಲ್ಲೇ ಒಳ್ಳೆಯ ಪಾಠವಿದೆ. ಶತಾವಧಾನಿ ಆರ್. ಗಣೇಶರು ಕನ್ನಡದಲ್ಲಿ ಮತ್ತೆ ಜೀವ ತುಂಬಿದ ಅವಧಾನ ಕಲೆಯಲ್ಲಿ ದತ್ತಪದಿ ಎಂಬ ಭಾಗವಿದೆ. ಪ್ರಶ್ನೆ ಕೇಳುವವರು ನಾಲ್ಕು ಪದ ಕೊಡುತ್ತಾರೆ, ಬೇರೆ ಭಾಷೆಯ ಪದಗಳನ್ನೂ ಕೊಡುವುದುಂಟು. ಅವುಗಳಿಗೆ ಸಂಬಂಧವೇ ಇಲ್ಲದ ಒಂದು ವಿಷಯವನ್ನು ಕೊಟ್ಟು, ಸಾಲಿಗೊಂದರಂತೆ ಆ ಪದಗಳು ಬರುವ ಹಾಗೆ ಛಂದೋಬದ್ಧವಾಗಿ ಪದ್ಯ ಕಟ್ಟಿ ಎನ್ನುತ್ತಾರೆ. ಕೈಯಲ್ಲಿ ಪೆನ್ನಿಲ್ಲ, ಕಾಗದವಿಲ್ಲ. ಮಧ್ಯೆ ಅಪ್ರಸ್ತುತ ಪ್ರಸಂಗದವರು ಏನೇನೋ ಕೇಳಿ ಗಮನ ಕೆಡಿಸುತ್ತಿರುತ್ತಾರೆ. ಆ ಪದ್ಯ ಕಟ್ಟುವ ಗುಟ್ಟು ನೋಡಿ: ಕೊಟ್ಟ ಪದವನ್ನು ಇಡಿಯಾಗಿ ತಂದು ಅಂಟಿಸುವುದಿಲ್ಲ. 'ಪೆನ್ನು' ಎಂಬ ಪದ ಕೊಟ್ಟರೆ ಅದು 'ತಪ್ಪೆನ್ನುವರೇ' ಎಂಬಲ್ಲಿ ಅಡಗಿ ಕೂರಬಹುದು. ಪೆನ್ನು ಮಾಯವಾಯಿತು, ಅದರ ಸದ್ದು ಮಾತ್ರ ಪದ್ಯಕ್ಕೆ ಕೆಲಸ ಮಾಡಿತು. ಒಂದು ಲೋಕದ ವಸ್ತುವನ್ನು ಒಡೆದು, ಅದರ ಯಾವ ಚೂರು ಇನ್ನೊಂದರಲ್ಲಿ ದುಡಿಯುತ್ತದೆ ಎಂದು ನೋಡುವುದು, ಅಷ್ಟೇ ಅಲ್ಲಿ ನಡೆಯುವುದು. ತರಬೇತಿಯಲ್ಲಿ ನಿಮಗೆ ಇಡೀ ಛತ್ರಿಯನ್ನು ಇಡೀ ಬೆಲ್ಲದ ಅಚ್ಚಿಗೆ ಅಂಟಿಸಲು ಹೇಳಿದರು.

ಗಿರೀಶ ಕಾರ್ನಾಡರ 'ನಾಗಮಂಡಲ'ವನ್ನು ನೋಡಿದ್ದೀರಾ? ನಾಟಕವಲ್ಲದಿದ್ದರೆ ನಾಗಾಭರಣರ ಸಿನಿಮಾವನ್ನಾದರೂ ನೋಡಿರುತ್ತೀರಿ. ನಾಟಕ 1988ರದ್ದು. ಎ.ಕೆ. ರಾಮಾನುಜನ್ ಅವರಿಂದ ಕೇಳಿದ ಎರಡು ಜನಪದ ಕತೆಗಳೇ ಅದಕ್ಕೆ ಮೂಲ ಎಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಒಂದು ಕತೆ, ರಾತ್ರಿ ಊರಿನ ದೀಪಗಳೆಲ್ಲ ಆರಿದ ಮೇಲೆ ಗುಡಿಯಲ್ಲಿ ಸೇರಿ ಹರಟುವ ಜ್ವಾಲೆಗಳದ್ದು. ಅದರೊಳಗೆ ಒಬ್ಬ ಹೆಂಗಸು. ಅವಳಿಗೊಂದು ಕತೆ, ಒಂದು ಹಾಡು ಗೊತ್ತು, ಯಾರಿಗೂ ಹೇಳುವುದಿಲ್ಲ. ಅವು ಉಸಿರುಗಟ್ಟಿ, ಅವಳು ಮಲಗಿದ್ದಾಗ ಬಾಯಿಂದ ತಪ್ಪಿಸಿಕೊಂಡು ಬಂದು ಮನೆಯಲ್ಲಿ ರಂಪ ಎಬ್ಬಿಸುತ್ತವೆ. ಇನ್ನೊಂದು ಕತೆ, ಹಗಲು ಹೆಂಡತಿಯನ್ನು ಕೂಡಿಹಾಕಿ ಹೋಗುವ ಗಂಡನದ್ದು, ರಾತ್ರಿ ಅವನದೇ ರೂಪದಲ್ಲಿ ಬರುವ ನಾಗರಹಾವಿನದ್ದು. ಎರಡಕ್ಕೂ ಮೇಲುನೋಟಕ್ಕೆ ಯಾವ ಸಂಬಂಧವೂ ಇಲ್ಲ.

ಆದರೆ ಎರಡರಲ್ಲೂ ಬಾಯಿ ಕಟ್ಟಿದ ಹೆಂಗಸು ಇದ್ದಾಳೆ. ಒಬ್ಬಳು ಕತೆಯನ್ನು ಹೇಳದೆ ಇಟ್ಟುಕೊಂಡವಳು. ಇನ್ನೊಬ್ಬಳು, ರಾಣಿ, ರಾತ್ರಿಯದನ್ನು ಹಗಲು ಕೇಳಬಾರದು ಎಂದು ಬಾಯಿ ಮುಚ್ಚಿಸಿಕೊಂಡವಳು. ಬೆಸುಗೆ ಬಿದ್ದದ್ದು ಅಲ್ಲಿ, ಇದು ನನ್ನ ಓದು. ಕಾರ್ನಾಡರು ಎರಡು ಕತೆಗಳನ್ನು ಪಕ್ಕಪಕ್ಕ ಕೂರಿಸಲಿಲ್ಲ. ಜ್ವಾಲೆಯ ಕತೆಯಿಂದ 'ಕತೆ'ಯನ್ನೇ ಒಂದು ಪಾತ್ರ ಮಾಡಿ, ಹಾವಿನ ಕತೆಯನ್ನು ಅವಳ ಬಾಯಲ್ಲಿ ಹೇಳಿಸಿದರು. ಕೇಳುವುದಕ್ಕೆ ಒಂದು ರಾತ್ರಿಯಿಡೀ ಎಚ್ಚರವಿರದಿದ್ದರೆ ಸಾಯುವ ಶಾಪವಿರುವ ಮನುಷ್ಯನನ್ನು ಗುಡಿಯಲ್ಲಿ ಕೂರಿಸಿದರು. ಮೊದಲನೆಯ ಕತೆ ಎರಡನೆಯದಕ್ಕೆ ಹೇಳುವವಳನ್ನೂ ಕೇಳುವವನನ್ನೂ ಒದಗಿಸಿತು. ಒಂದು ಇನ್ನೊಂದಕ್ಕೆ ಏನು ಕೆಲಸ ಮಾಡಿಕೊಡುತ್ತದೆ? ಜೋಡಿಸಲು ಕೂತಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ.

ಕೂತು ಮಾಡಬಹುದಾದ ಒಂದು ಆಟ ಹೇಳುತ್ತೇನೆ. ಇಟಲಿಯಲ್ಲಿ ಜಾನ್ನಿ ರೊದಾರಿ ಎಂಬ ಮಕ್ಕಳ ಸಾಹಿತಿ ಇದ್ದ, ಮೊದಲು ಪ್ರಾಥಮಿಕ ಶಾಲೆಯ ಮೇಷ್ಟ್ರು. ಕತೆ ಕಟ್ಟುವುದನ್ನು ಮಕ್ಕಳಿಗೆ ಹೇಗೆ ಕಲಿಸಬೇಕೆಂದು 1973ರಲ್ಲಿ ಒಂದು ಪುಸ್ತಕ ಬರೆದ. ಅವನದೂ ಎರಡು ಪದಗಳ ಆಟವೇ: ನಾಯಿ ಮತ್ತು ಬೀರು. ಆದರೆ ಪದ ಕೊಟ್ಟು ಸುಮ್ಮನೆ ಬಿಡುವುದಿಲ್ಲ. ನಾಯಿಯ ಬೀರು, ಬೀರುವಿನೊಳಗೆ ನಾಯಿ, ಬೀರುವಿನ ಮೇಲೆ ನಾಯಿ, ಬೀರು ಹೊತ್ತ ನಾಯಿ ಎಂದು ಒಂದೊಂದೇ ನಂಟನ್ನು ಬದಲಿಸುತ್ತಾ ಹೋಗುತ್ತಾನೆ. ಪ್ರತಿ ನಂಟಿಗೂ ಬೇರೆ ಕತೆ ಏಳುತ್ತದೆ. ನಮಗಂತೂ ವಿಭಕ್ತಿ ಪ್ರತ್ಯಯಗಳು ಏಳನೇ ಇಯತ್ತೆಗೇ ಬಾಯಿಗೆ ಬಂದಿವೆ, ಪುಕ್ಕಟೆ ಸಾಮಗ್ರಿ.

ನಿಮ್ಮ ಎರಡು ಪದ ಮಗ್ಗ ಮತ್ತು ಲಗ್ನಪತ್ರಿಕೆ ಆಗಲಿ. ಶುರು ಮಾಡುವ ಮುಂಚೆ, ತರಬೇತಿಯಲ್ಲಿ ಕೊಡದೆ ಬಿಟ್ಟದ್ದನ್ನು, ಅಂದರೆ ಯಾರಿಗೆ ಏನು ಬೇಕು ಎಂಬುದನ್ನು ಹಾಳೆಯ ತಲೆಗೆ ಬರೆಯಿರಿ. ವಾಟ್ಸ್‌ಆ್ಯಪ್ ಬಂದು ಲಗ್ನಪತ್ರಿಕೆಯ ಒಂದು ಕೆಲಸವನ್ನು ಕಿತ್ತುಕೊಂಡಿದೆ. ದಿನ, ಹೊತ್ತು, ಕಲ್ಯಾಣ ಮಂಟಪ ತಿಳಿಸುವ ಕೆಲಸ. ಅದು ಇನ್ನು ವಾಪಸ್ಸು ಬರುವುದಿಲ್ಲ, ಆಸೆ ಬಿಡಿ. ದೇವರ ಮುಂದೆ ಇಡುವುದು, ಹಿರಿಯರ ಮನೆಗೆ ಹೋಗಿ ಕುಂಕುಮ ಹಚ್ಚಿ ಕೈಗೆ ಕೊಟ್ಟು ಕರೆಯುವುದು, ಮದುವೆಯ ನೆನಪಿಗೆ ತಿಜೋರಿಯಲ್ಲಿ ಎತ್ತಿಡುವುದು, ಈ ಮೂರು ಕೆಲಸ ಇನ್ನೂ ಕಾಗದದ ಹತ್ತಿರವೇ ಉಳಿದಿವೆ. ಅದಕ್ಕೇ ಅವರು 100 ಸಾಕು ಎನ್ನುತ್ತಿರುವುದು; ಬೇಡವೇ ಬೇಡ ಎನ್ನುತ್ತಿಲ್ಲ. ಕಡಿಮೆ ಪ್ರತಿ, ಆದರೆ ಎತ್ತಿಡುವಂಥದ್ದು ಬೇಕು. ತಲೆಬರಹ ಇದಾಯಿತು.

ಈಗ ಆಟ. ಮಗ್ಗದ ಮೇಲೆ ಲಗ್ನಪತ್ರಿಕೆ: ಬಟ್ಟೆಯ ಪತ್ರಿಕೆ. ಇದನ್ನು ದೊಡ್ಡ ಊರುಗಳಲ್ಲಿ ಆಗಲೇ ಮಾಡುತ್ತಾರೆ, ದುಬಾರಿ, ನಿಮ್ಮ ಮಷಿನ್ನಿಗೂ ಒಗ್ಗುವುದಿಲ್ಲ. ಹೊಡೆದುಹಾಕಿ. ಮಗ್ಗಕ್ಕೆ ಲಗ್ನಪತ್ರಿಕೆ: ಸೀರೆ ನೇಯ್ದವರನ್ನು ಮದುವೆಗೆ ಕರೆಯುವುದು. ಮನಸ್ಸಿಗೆ ಹಿತ, ವ್ಯಾಪಾರವಿಲ್ಲ. ಇದನ್ನೂ ಹೊಡೆದುಹಾಕಿ. ಮಗ್ಗದಂಥ ಲಗ್ನಪತ್ರಿಕೆ: ಒಂದೇ ಹಾಸು ಇಟ್ಟುಕೊಂಡು ಹೊಕ್ಕು ಬದಲಿಸಿದಂತೆ, ಒಂದೇ ಹಿನ್ನೆಲೆ ಅಚ್ಚು ಮಾಡಿಟ್ಟು ಹೆಸರು ಮಾತ್ರ ಆಮೇಲೆ ಹೊಡೆಯುವುದು. ಇದು ನೀವು ಆಗಲೇ ಮಾಡುತ್ತಿರುವ ರೆಡಿಮೇಡ್ ಕಾರ್ಡಿನ ಕೆಲಸ. ಇದನ್ನೂ ಹೊಡೆದುಹಾಕಿ. ಇಲ್ಲಿಗೆ ಬಂದಾಗ ಬೇಸರವಾಗುತ್ತದೆ, ಎಲ್ಲರಿಗೂ ಆಗುತ್ತದೆ. ಹೆಚ್ಚಿನವರು ಪೆನ್ನು ಕೆಳಗಿಡುವುದು ಇಲ್ಲೇ.

ಮಗ್ಗದಿಂದ ಲಗ್ನಪತ್ರಿಕೆ: ಮಗ್ಗದಿಂದ ಪತ್ರಿಕೆಗೆ ಏನು ಬರಬಹುದು? ನೂಲು ಬರಲಾರದು. ನಕ್ಷೆ ಬರಬಹುದು. ದಡಿಯ ನಕ್ಷೆಯನ್ನು ಚೌಕುಳಿ ಹಾಳೆಯ ಮೇಲೆ ಒಂದೊಂದು ಮನೆ ತುಂಬಿ ಬರೆಯುತ್ತಾರೆ, ಜಕಾರ್ಡ್ ಇದ್ದರೆ ಅದನ್ನೇ ರಟ್ಟಿಗೆ ತೂತು ಹೊಡೆದು ಇಳಿಸುತ್ತಾರೆ. ನಿಮ್ಮ ಕಂಪ್ಯೂಟರ್ ಪರದೆಯ ಮೇಲಿನ ಚಿತ್ರವೂ ಸಣ್ಣ ಸಣ್ಣ ಚೌಕಗಳದ್ದೇ ಅಲ್ಲವೇ? (ಈ ಎರಡಕ್ಕೆ ಹಳೆಯ ಬಳಗದ ಸಂಬಂಧವೂ ಇದೆ. ಫ್ರಾನ್ಸಿನ ಜಕಾರ್ಡ್ 1800ರ ದಶಕದಲ್ಲಿ ಮಗ್ಗಕ್ಕೆ ತಂದ ತೂತಿನ ರಟ್ಟನ್ನು ನೋಡಿ, ಇಂಗ್ಲೆಂಡಿನ ಚಾರ್ಲ್ಸ್ ಬ್ಯಾಬೇಜ್ 1830ರ ದಶಕದಲ್ಲಿ ತನ್ನ ಲೆಕ್ಕದ ಯಂತ್ರಕ್ಕೂ ಅಂಥದ್ದೇ ರಟ್ಟಿನಿಂದ ಆದೇಶ ಕೊಡಬೇಕೆಂದು ಯೋಜಿಸಿದ. ಆ ಯಂತ್ರ ಪೂರ್ತಿಯಾಗಲಿಲ್ಲ, ಯೋಚನೆ ಉಳಿಯಿತು. ರೇಷ್ಮೆಯಲ್ಲಿ ನೇಯ್ದ ಜಕಾರ್ಡ್‌ನ ಭಾವಚಿತ್ರವೊಂದು ಬ್ಯಾಬೇಜ್‌ನ ಮನೆಯಲ್ಲಿತ್ತು.) ಹಾಗಾದರೆ ಮದುಮಗಳ ಧಾರೆ ಸೀರೆಯ ದಡಿಯನ್ನು ಮನೆ ಮನೆ ಎಣಿಸಿ ಪರದೆಯ ಮೇಲೆ ಎತ್ತಿಕೊಂಡು, ಅದೇ ಲಗ್ನಪತ್ರಿಕೆಯ ಅಂಚಾದರೆ? ಪ್ರತಿ ಮದುವೆಗೂ ಬೇರೆ ದಡಿ, ಬೇರೆ ಪತ್ರಿಕೆ. ರೆಡಿಮೇಡ್ ಕಾರ್ಡಿನಲ್ಲಿ ಇದು ಸಿಗುವುದಿಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಬಂದರೂ ಎತ್ತಿಡಲು ಆಗುವುದಿಲ್ಲ. ನಕ್ಷೆ ಯಾರದೋ ನೇಕಾರರ ಸ್ವಂತದ್ದಾದರೆ ಅವರನ್ನು ಕೇಳಿ, ಅವರ ಹೆಸರನ್ನೂ ಸಣ್ಣ ಅಕ್ಷರದಲ್ಲಿ ಹಾಕಿ.

ಇದು ನಡೆಯುತ್ತದೆಯೇ? ನನಗೆ ಖಾತ್ರಿಯಿಲ್ಲ. ಸೀರೆ ತೆಗೆಯುವ ಮೊದಲೇ ಪತ್ರಿಕೆ ಅಚ್ಚಾಗಬೇಕಾದ ಮದುವೆಗಳಿರುತ್ತವೆ. ಬಣ್ಣ ಹೆಚ್ಚಾದಷ್ಟೂ ಪ್ಲೇಟು ಹೆಚ್ಚು, 100 ಪ್ರತಿಗೆ ಖರ್ಚು ಗಿಟ್ಟುತ್ತದೋ ಇಲ್ಲವೋ ನೀವೇ ಲೆಕ್ಕ ಹಾಕಬೇಕು. ಒಂದೇ ಬಣ್ಣದಲ್ಲಿ ದಡಿ ಚೆಂದ ಕಂಡೀತೇ ಎಂದು ಅಚ್ಚು ಹಾಕಿಯೇ ನೋಡಬೇಕು. ನನ್ನ ಐಡಿಯಾ ಬಿದ್ದುಹೋದರೂ ಪರವಾಗಿಲ್ಲ. ಹೊಳೆಯುವ ಬಗೆ ಹೇಗೆ ಎಂಬುದನ್ನು ತೋರಿಸಲು ಅದನ್ನು ಹೇಳಿದೆ. ಮೂರು ಹೊಡೆದುಹಾಕಿದ ಮೇಲೆ ನಾಲ್ಕನೆಯದು ಬಂತು, ಗಮನಿಸಿದಿರಲ್ಲ? ಚಪ್ಪಾಳೆ ಬೀಳುವ ಸಭೆಯಲ್ಲಿ ಆ ಮೂರನ್ನು ಹೊಡೆದುಹಾಕಲು ಯಾರಿಗೂ ಮನಸ್ಸು ಬರುವುದಿಲ್ಲ.

ಹತ್ತು ನಿಮಿಷದ ಗಡುವೂ ಬೇಡ. ಫ್ರಾನ್ಸಿನ ಗಣಿತಜ್ಞ ಪಾಯಿನ್‌ಕಾರೆ ಒಂದು ಕಗ್ಗಂಟಿನ ಲೆಕ್ಕದಲ್ಲಿ ದಿನಗಟ್ಟಲೆ ತಲೆ ಕೆಡಿಸಿಕೊಂಡು, ಅದನ್ನು ಬಿಟ್ಟು ಪ್ರವಾಸ ಹೊರಟಿದ್ದಾಗ, ಬಂಡಿಯ ಮೆಟ್ಟಿಲ ಮೇಲೆ ಕಾಲಿಟ್ಟ ಗಳಿಗೆಯಲ್ಲಿ ಎರಡು ಬೇರೆ ಬೇರೆ ಗಣಿತಗಳ ಸಂಬಂಧ ಹೊಳೆಯಿತು ಎಂದು ಬರೆದಿದ್ದಾನೆ. ಮೆಟ್ಟಿಲಿನ ಮಹಿಮೆ ಹಾಡುವವರು ಮೊದಲಿನ ದುಡಿಮೆಯನ್ನು ಮರೆಯುತ್ತಾರೆ. ನೀವು ಒಂದು ಸಂಜೆ ಕೂತು ಆಟವಾಡಿ, ಎತ್ತಿಡಿ, ಬಿಲ್ ಬುಕ್ಕಿನ ನಂಬರ್ ಹೊಡೆಯುವ ಕೆಲಸ ಮಾಡಿಕೊಳ್ಳಿ. ಕಟಿಂಗ್ ಮಷಿನ್ನಿನ ಪಕ್ಕದಲ್ಲಿ ಬೀಳುವ ಕಾಗದದ ತುಂಡುಗಳು ಇರುತ್ತವಲ್ಲ, ಒಂದು ಕಟ್ಟು ಮಾಡಿ ಕೌಂಟರಿನ ಮೇಲೆ ಇಡಿ. ಗಿರಾಕಿ ಆಡಿದ ವಿಚಿತ್ರ ಮಾತು, ಪೇಟೆಯಲ್ಲಿ ಕಂಡ ಹೊಸ ವಸ್ತು, ಯಾರೋ ಪಟ್ಟ ತೊಂದರೆ, ಒಂದೊಂದು ತುಂಡಿಗೆ ಒಂದೊಂದು. ತಿಂಗಳಿಗೊಮ್ಮೆ ಹರಡಿಕೊಂಡು ಯಾವುದಕ್ಕೆ ಯಾವುದು ಕೆಲಸ ಮಾಡಿಕೊಡಬಹುದು ನೋಡಿ. ಡಬ್ಬಿಯ ಚೀಟಿಗಿಂತ ಇದು ಮೇಲು, ಯಾಕೆಂದರೆ ಪ್ರತಿ ಚೀಟಿಯನ್ನೂ ಬರೆದವರು ನೀವು.

ಯಾರಾದರೂ ಹೇಳಬಹುದು, ಇಷ್ಟೆಲ್ಲ ಯಾಕೆ, ಮೊಬೈಲಿನಲ್ಲಿ ಎಐ ಕೇಳಿದರೆ ಗಳಿಗೆಯಲ್ಲಿ ನೂರು ಜೋಡಿ ಕೊಡುತ್ತದಲ್ಲ ಎಂದು. ಕೇಳಿ ನೋಡಿ, ತಪ್ಪೇನಿಲ್ಲ. ಜೋಡಿಗಳಿಗೆ ಬರವಿಲ್ಲ. ಆ ನೂರರಲ್ಲಿ ನಮ್ಮ ಕಡೆ ಮದುವೆ ಮನೆಯಲ್ಲಿ ಯಾವುದು ನಡೆಯುತ್ತದೆ, ಯಾವುದನ್ನು ಕಂಡರೆ ಹುಡುಗನ ಅಜ್ಜಿ ಅಪಶಕುನ ಎನ್ನುತ್ತಾಳೆ ಎಂದು ಆರಿಸುವುದಕ್ಕೆ ನೀವೇ ಬೇಕು.

ನೀವು ಕೇಳಿದ್ದಕ್ಕೆ ನೇರ ಉತ್ತರ: ಕೆಲವರಿಗೆ ಈ ಗುಣ ಚಿಕ್ಕಂದಿನಿಂದ ಸಲೀಸು, ಇಲ್ಲವೆನ್ನಲಾರೆ. ಆದರೆ ಕಲಿತು ಬೆಳೆಸಿಕೊಳ್ಳಬಹುದಾದ ಭಾಗವೇ ದೊಡ್ಡದು, ಅದಕ್ಕೆ 33 ಒಳ್ಳೆಯ ವಯಸ್ಸು. ಹದಿನೆಂಟರಲ್ಲಿ ವೇಗವಿರುತ್ತದೆ, ಸರಕು ಇರುವುದಿಲ್ಲ. ಕಾಕಾನ ಮಾತಿಗೆ ವಾದ ಮಾಡಬೇಡಿ. ಅವರ ಮಗನಿಗೆ ಫೋನ್ ಮಾಡಿ, ಲಗ್ನಪತ್ರಿಕೆಯ ಒಂದು ಮಾದರಿ ಕಳಿಸಿ, ಜನ ಇದನ್ನು ಕೊಳ್ಳುವಂತೆ ಹೇಗೆ ಹೇಳಬೇಕು ಎಂದು ಕೇಳಿ. ಅದು ಅವನ ಕಸುಬು. ಪೈಪೋಟಿಗೆ ನಿಲ್ಲುವ ಬದಲು ಅವನ ಲೋಕವನ್ನೂ ಎರವಲು ತೆಗೆದುಕೊಳ್ಳಿ.

ಇನ್ನೊಂದು ಕಹಿ ಮಾತು. ಲಗ್ನಪತ್ರಿಕೆಯ ಬೇಡಿಕೆ ಇಳಿದದ್ದು ನಿಮ್ಮ ತಲೆಯ ದೋಷದಿಂದಲ್ಲ, ಊರೂರಲ್ಲೂ ಇಳಿದಿದೆ. ಒಂದು ಒಳ್ಳೆಯ ಐಡಿಯಾ ಇಡೀ ಪ್ರೆಸ್ಸನ್ನು ಎತ್ತಿ ನಿಲ್ಲಿಸಲಾರದು. ಯಾವ ಕೆಲಸದಲ್ಲಿ ನಿಜವಾಗಿ ಲಾಭ ಉಳಿಯುತ್ತಿದೆ, ಯಾವುದರಲ್ಲಿ ಕರೆಂಟ್ ಬಿಲ್ಲೂ ಹುಟ್ಟುತ್ತಿಲ್ಲ ಎಂದು ಕಳೆದ ವರ್ಷದ ಖಾತೆ ತೆಗೆದು ನೋಡಿ. ಪ್ರೆಸ್ ಮಾರುವುದೋ ಬಿಡುವುದೋ ಎಂಬುದು ಆ ಖಾತೆ ನೋಡಿ ಮಾಡುವ ತೀರ್ಮಾನ; ಒಂದು ತರಬೇತಿಯ ಸೋಲಿನ ಮೇಲೆ ಮಾಡುವಂಥದ್ದಲ್ಲ.

ನಿದ್ದೆಯ ವಿಷಯ ಹಗುರವಾಗಿ ತೆಗೆದುಕೊಳ್ಳಬೇಡಿ. ಇನ್ನೆರಡು ವಾರ ಹೀಗೇ ಮುಂದುವರಿದರೆ ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ, ಅಥವಾ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡುತ್ತಾರೆ.

ಈ ಭಾನುವಾರ ಬೆಟಗೇರಿಗೆ ಹೋಗಿ, ಮಗ್ಗ ಇನ್ನೂ ನಡೆಯುತ್ತಿರುವ ಯಾವುದಾದರೂ ಮನೆಯಲ್ಲಿ ಅರ್ಧ ದಿನ ಕೂತು ಬನ್ನಿ. ಏನನ್ನೂ ಕಂಡುಹಿಡಿಯಲು ಹೋಗಬೇಡಿ, ದಡಿಯ ನಕ್ಷೆ ಬರೆಯುವುದನ್ನು ಒಮ್ಮೆ ಕೇಳಿ ಕಲಿತು ಬನ್ನಿ. ಅಪ್ಪನನ್ನೂ ಕರೆದುಕೊಂಡು ಹೋಗಿ. ಕಣ್ಣು ಮಂಜಾಗಿದ್ದರೂ ಮೊಳೆ ಜೋಡಿಸಿದ ಬೆರಳುಗಳಿಗೆ ನೂಲು ಏನಾದರೂ ಹೇಳೀತು. ಮೊದಲ ಮಾದರಿ ಅಚ್ಚಾದಾಗ ನಮ್ಮ ಪತ್ರಿಕೆಯ ವಿಳಾಸಕ್ಕೆ ಒಂದು ಪ್ರತಿ ಕಳಿಸಿ. ಚೆನ್ನಾಗಿ ಬಂದಿರದಿದ್ದರೂ ಕಳಿಸಿ, ಯಾಕೆ ಬರಲಿಲ್ಲ ಎಂದು ಎರಡು ಸಾಲು ಬರೆಯಿರಿ.